ತಣ್ಣನೆಯ ಬುಡ, ನಿಧಾನದ ಅಲೆ: ಧಾರವಾಡ ಕ್ರೇಟಾನಿನ ಅಡಿಯಲ್ಲಿ ಶಾಖ ಮತ್ತು ನೀರು

ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರುವ ಫಲಕವೂ ಇದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಈ ಜಾತಿಯ ಕಲ್ಲಿಗೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟರು. ಜಯನಗರದಲ್ಲಾಗಲಿ, ಬನಶಂಕರಿಯಲ್ಲಾಗಲಿ, ಜೆ.ಪಿ. ನಗರದಲ್ಲಾಗಲಿ ಬೋರ್‌ವೆಲ್ ಲಾರಿ ಬಂದು ನಿಂತು ಕೊರೆಯತೊಡಗಿದರೆ, ಕೆಂಪು ಮಣ್ಣು ಮತ್ತು ಕೊಳೆತ ಕಲ್ಲನ್ನು ದಾಟಿದ ಮೇಲೆ ಸಿಗುವುದು ಈ ಬಂಡೆಯ ಬಳಗವೇ. ಸಾವಿರ ಅಡಿ ಕೊರೆಸಿ ನೀರು ಕಾಣದ ಮನೆಯವರಿಗೆ ಅದೇ ಪಾತಾಳ. ಭೂಮಿಯ ಲೆಕ್ಕದಲ್ಲಿ ಅದು ಮೇಲಿನ ಧೂಳು. ನಮ್ಮ ಊರಿನ ಕೆಳಗೆ ತೊಗಟೆ ಮುಗಿಯುವುದೇ ಸುಮಾರು 35 ಕಿಲೋಮೀಟರ್ ಆಳದಲ್ಲಿ. ಅಲ್ಲಿಂದ ಆಚೆಗೆ ಮ್ಯಾಂಟಲ್. ಮನುಷ್ಯ ಈವರೆಗೆ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದಲ್ಲಿರುವುದು, 12 ಕಿಲೋಮೀಟರ್ ಚಿಲ್ಲರೆ. ಅಂದರೆ ಮ್ಯಾಂಟಲಿನ ಬಿಸಿಯನ್ನಾಗಲಿ ನೀರನ್ನಾಗಲಿ ಯಾರೂ ನೇರವಾಗಿ ಅಳೆದಿಲ್ಲ, ಅಳೆಯುವಂತೆಯೂ ಇಲ್ಲ. ಆದರೂ 100 ಕಿಲೋಮೀಟರ್ ಕೆಳಗೆ ಇಷ್ಟು ಡಿಗ್ರಿ, ಅಲ್ಲಿನ ಕಲ್ಲಿನಲ್ಲಿ ಇಷ್ಟು ನೀರು ಎಂದು ವಿಜ್ಞಾನಿಗಳು ಬರೆಯುತ್ತಾರೆ. ಆ ಬರವಣಿಗೆಯನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ದಕ್ಷಿಣ ಬೆಂಗಳೂರು ನಿಂತಿರುವ ಧಾರವಾಡ ಕ್ರೇಟಾನನ್ನೇ, ಅಂದರೆ ಖಂಡದ ಆ ಹಳೆಯ ಗಟ್ಟಿ ತುಣುಕನ್ನೇ, ಮುಂದಿಟ್ಟುಕೊಂಡು ಪರೀಕ್ಷಿಸುವುದು ಈ ಉಪನ್ಯಾಸದ ಕೆಲಸ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೈಯಲ್ಲಿರುವ ಯಾವ ಅಳತೆಯೂ ಬಿಸಿಯೊಂದನ್ನೇ ಅಥವಾ ನೀರೊಂದನ್ನೇ ಅಳೆಯುವುದಿಲ್ಲ. ಪ್ರತಿಯೊಂದೂ ಎರಡನ್ನೂ ಕಲಸಿ, ಜೊತೆಗೆ ಕಲ್ಲಿನ ಸಂಯೋಜನೆಯನ್ನೂ ಬೆರೆಸಿ ಉತ್ತರ ಕೊಡುತ್ತದೆ. ಇದು ಎಲ್ಲರೂ ಒಪ್ಪುವ ಮಾತು. ಅಷ್ಟಾಗಿ ಯಾರೂ ಒತ್ತಿ ಹೇಳದ ಇನ್ನೊಂದು ಮಾತಿದೆ: ಆ ಉತ್ತರಗಳು ಒಂದೇ ಕಾಲದವಲ್ಲ. ಒಂದು ಈ ಹೊತ್ತಿನದು, ಮತ್ತೊಂದು ಹತ್ತಾರು ಕೋಟಿ ವರ್ಷ ಹಿಂದಿನದು, ಮಗದೊಂದು 110 ಕೋಟಿ ವರ್ಷ ಹಿಂದಿನದು. ಧಾರವಾಡ ಕ್ರೇಟಾನಿನ ಬುಡ ತಣ್ಣಗೆ ದಪ್ಪಗಿದೆಯೋ, ಸವೆದು ತೆಳ್ಳಗಾಗಿದೆಯೋ ಎಂದು ಕಳೆದ ಎರಡು ದಶಕ ನಡೆದಿರುವ ಜಗಳದಲ್ಲಿ ಒಳ್ಳೆಯ ಪಾಲು, ಈ ಬೇರೆ ಬೇರೆ ತಾರೀಖಿನ ಸಾಕ್ಷ್ಯಗಳನ್ನು ಒಂದೇ ದಿನದವೆಂದು ಓದಿದ್ದರಿಂದ ಹುಟ್ಟಿದ್ದು.

ಮೊದಲು ಶಾಖ. ನೆಲದೊಳಗಿಂದ ಹೊರಬರುವ ಶಾಖವನ್ನು ಅಳೆಯಲು ಆಳದ, ನೀರು ಹರಿದಾಡದ ರಂಧ್ರ ಬೇಕು. ಬಿ.ಟಿ.ಎಂ. ಬಡಾವಣೆಯ ಕೊಳವೆಬಾವಿಗಳು ಈ ಕೆಲಸಕ್ಕೆ ಬರುವುದಿಲ್ಲ. ಪಂಪು ನೀರನ್ನು ಎಳೆದಾಡುತ್ತಲೇ ಇರುತ್ತದೆ, ಮೇಲಿನ ನೂರು ಮೀಟರಿಗೆ ಕಾಂಕ್ರೀಟು ಮತ್ತು ಡಾಂಬರಿನ ಬಿಸಿಯೂ ಇಳಿದಿರುತ್ತದೆ. ಅದೃಷ್ಟಕ್ಕೆ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಕೋಲಾರದ ಚಿನ್ನದ ಗಣಿಗಳಿದ್ದವು. 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ ಮುಟ್ಟಿತ್ತು. ತಳದ ಕಲ್ಲಿನ ಬಿಸಿ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಲ್ಲಿ ಕೆಲಸ ಮಾಡಿದವರಿಗೆ ಅದು ನರಕ. ಆದರೆ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹನ್ನೆರಡು ಹದಿಮೂರು ಡಿಗ್ರಿ ಮಾತ್ರ ಏರಿಕೆ. ಪ್ರಪಂಚದ ಬೇರೆ ಕಡೆ ಇಪ್ಪತ್ತೈದು, ಮೂವತ್ತು ಡಿಗ್ರಿ ಏರುವುದು ಸಾಮಾನ್ಯ. ಸುಕಾಂತ ರಾಯ್ ಮತ್ತು ಆರ್.ಯು.ಎಂ. ರಾವ್ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಧಾರವಾಡ ಕ್ರೇಟಾನಿನ ಸರಾಸರಿ ಶಾಖದ ಹರಿವು ಚದರ ಮೀಟರಿಗೆ ಸುಮಾರು 36 ಮಿಲಿವಾಟ್. ಖಂಡಗಳ ಸರಾಸರಿಗೆ ಹೋಲಿಸಿದರೆ ಇದು ಅರ್ಧದಷ್ಟು. ಜಯನಗರದ ಒಂದು ಚದರ ಕಿಲೋಮೀಟರಿನಿಂದ ಹೊರಬೀಳುವ ಭೂಮಿಯ ಶಾಖವನ್ನೆಲ್ಲ ಒಟ್ಟುಗೂಡಿಸಿದರೂ ಹನ್ನೆರಡು ಸ್ನಾನದ ಗೀಸರುಗಳ ಶಕ್ತಿಗಿಂತ ಹೆಚ್ಚಾಗದು.

ಇಲ್ಲಿಂದ ಕೆಳಕ್ಕೆ ಇಳಿಯಬೇಕಾದರೆ ಒಂದು ಎಚ್ಚರ ಬೇಕು. ಕಿಲೋಮೀಟರಿಗೆ ಹನ್ನೆರಡು ಡಿಗ್ರಿಯಂತೆ ನೇರ ಗೆರೆ ಎಳೆದುಬಿಟ್ಟರೆ 200 ಕಿಲೋಮೀಟರಿಗೆ 2,400 ಡಿಗ್ರಿ ದಾಟುತ್ತದೆ, ಅಷ್ಟರಲ್ಲಿ ಎಲ್ಲವೂ ಕರಗಿರಬೇಕು. ಕರಗಿಲ್ಲ ಎಂಬುದು ಕಂಪನದ ಅಲೆಗಳಿಂದ ಗೊತ್ತು. ಗೆರೆ ಬಾಗುವುದಕ್ಕೆ ಕಾರಣ, ಮೇಲೆ ಅಳೆದ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ತೊಗಟೆಯಲ್ಲೇ ಇರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ಕ್ಷಯದಿಂದ. ಅದನ್ನು ಕಳೆದರೆ ಮ್ಯಾಂಟಲಿನಿಂದ ತೊಗಟೆಗೆ ಏರಿ ಬರುವುದು ಹದಿನಾಲ್ಕು ಮಿಲಿವಾಟಿನ ಆಸುಪಾಸು. ಆಗ ತೊಗಟೆಯ ತಳದಲ್ಲಿ ಸುಮಾರು 350 ಡಿಗ್ರಿ, ಅಲ್ಲಿಂದ ಕೆಳಗೆ ಕಿಲೋಮೀಟರಿಗೆ ನಾಲ್ಕೇ ಡಿಗ್ರಿ ಏರಿಕೆ, 100 ಕಿಲೋಮೀಟರಿನಲ್ಲಿ 600 ಡಿಗ್ರಿ ಚಿಲ್ಲರೆ. ಮ್ಯಾಂಟಲ್ ತಾನೇ ನಿಧಾನವಾಗಿ ಹರಿದು ಕಲಕಿಕೊಳ್ಳುವ 1,300 ಡಿಗ್ರಿಯ ಮಟ್ಟ ತಲುಪಬೇಕಾದರೆ 200 ಕಿಲೋಮೀಟರಿಗೂ ಹೆಚ್ಚು ಇಳಿಯಬೇಕು. ತೊಗಟೆಯಲ್ಲಿ ವಿಕಿರಣದ ಶಾಖ ಎಷ್ಟೆಂಬುದು ಊಹೆಯಲ್ಲವೇ ಎಂದು ಕೇಳಬಹುದು. ಹೌದು, ಮೇಲೆ ಸಿಗುವ ಕಲ್ಲನ್ನು ಅಳೆದು ಕೆಳಗಿನದನ್ನು ಊಹಿಸುತ್ತೇವೆ. ಮ್ಯಾಂಟಲಿನ ಪಾಲನ್ನು ಇಪ್ಪತ್ತು ಮಿಲಿವಾಟಿಗೆ ಏರಿಸಿ ನೋಡಿ: 100 ಕಿಲೋಮೀಟರಿನ ಬಿಸಿ 760 ಡಿಗ್ರಿಯ ಸುತ್ತ ನಿಲ್ಲುತ್ತದೆ. ಊಹೆಯನ್ನು ಎಷ್ಟೇ ಎಳೆದಾಡಿದರೂ ಬುಡ ತಣ್ಣಗೇ ಇರುತ್ತದೆ.

ಈ ತಣ್ಣನೆಯ ಚಿತ್ರಕ್ಕೆ ಇನ್ನೊಂದು ಬೆಂಬಲ ನಮ್ಮ ಗಡಿಯಾಚೆ, ಬಳ್ಳಾರಿಗೆ ತಾಗಿದ ಅನಂತಪುರ ಜಿಲ್ಲೆಯಿಂದ ಬಂದಿದೆ. ಅಲ್ಲಿನ ವಜ್ರಕರೂರಿನ ಹೆಸರಿನಲ್ಲೇ ವಜ್ರವಿದೆ. ಸುಮಾರು 110 ಕೋಟಿ ವರ್ಷಗಳ ಹಿಂದೆ ಅಲ್ಲಿಯೂ, ರಾಯಚೂರು ನಾರಾಯಣಪೇಟೆಗಳ ಕಡೆಯೂ, ಕಿಂಬರ್ಲೈಟ್ ಎಂಬ ಶಿಲಾರಸ ಮ್ಯಾಂಟಲಿನ ಆಳದಿಂದ ಭರದಿಂದ ಚಿಮ್ಮಿ ಬಂತು. ಬರುವಾಗ ದಾರಿಯ ಗೋಡೆಗಳಿಂದ ಕಲ್ಲಿನ ತುಂಡುಗಳನ್ನು ಕಿತ್ತು ತಂದಿತು. ಆ ತುಂಡುಗಳಲ್ಲಿ ಜೊತೆಜೊತೆಗೆ ಬೆಳೆದ ಎರಡು ಬಗೆಯ ಪೈರಾಕ್ಸೀನ್ ಖನಿಜಗಳು ಕ್ಯಾಲ್ಸಿಯಂ ಅನ್ನು ಹೇಗೆ ಹಂಚಿಕೊಂಡಿವೆ ಎಂಬುದು ಬಿಸಿಯನ್ನು ಹೇಳುತ್ತದೆ. ಗಾರ್ನೆಟ್ ಪಕ್ಕದ ಪೈರಾಕ್ಸೀನಿನಲ್ಲಿ ಅಲ್ಯುಮಿನಿಯಂ ಎಷ್ಟಿದೆ ಎಂಬುದು ಒತ್ತಡವನ್ನು, ಅಂದರೆ ಆಳವನ್ನು, ಹೇಳುತ್ತದೆ. ಆಳವೂ ಬಿಸಿಯೂ ಒಂದೇ ಕಲ್ಲಿನಿಂದ ಸಿಗುವುದರಿಂದ ಇದಕ್ಕಿಂತ ಒಳ್ಳೆಯ ತಾಪಮಾಪಕ ನಮ್ಮಲ್ಲಿಲ್ಲ. ವಜ್ರಕರೂರಿನ ತುಂಡುಗಳು ಹೇಳುವುದು 150 ಕಿಲೋಮೀಟರ್ ಮೀರಿ ಹಬ್ಬಿದ್ದ, ತಣ್ಣನೆಯ, ಗಟ್ಟಿಯಾದ ಶಿಲಾಗೋಳವನ್ನು, ಅಂದರೆ ತೊಗಟೆಯೂ ಮ್ಯಾಂಟಲಿನ ಗಟ್ಟಿ ಮೇಲ್ಭಾಗವೂ ಸೇರಿದ ಪದರವನ್ನು. ವಜ್ರಗಳ ಇರವೂ ಅದನ್ನೇ ಹೇಳುತ್ತದೆ, ಏಕೆಂದರೆ ಇಂಗಾಲ ವಜ್ರವಾಗಿ ಉಳಿಯಲು ಅಷ್ಟು ಆಳವೂ ಅಷ್ಟು ತಂಪೂ ಬೇಕು. ಆದರೆ ಈ ತಾಪಮಾಪಕದ ಮುಳ್ಳು 110 ಕೋಟಿ ವರ್ಷಗಳ ಹಿಂದೆ ನಿಂತುಹೋಗಿದೆ. ಅಂದಿನ ಬುಡ ಇಂದಿಗೂ ಹಾಗೇ ಇದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಇನ್ನು ಎದುರು ಪಕ್ಷ. ಭೂಕಂಪದ ಎಸ್ ಅಲೆ, ಕಲ್ಲು ಬಿಸಿಯಾದಂತೆ ನಿಧಾನವಾಗುತ್ತದೆ. ಆಫ್ರಿಕ, ಕೆನಡಾ, ಆಸ್ಟ್ರೇಲಿಯಗಳ ಹಳೆಯ ಕ್ರೇಟಾನುಗಳ ಅಡಿಯಲ್ಲಿ ಅದು ಸೆಕೆಂಡಿಗೆ 4.7 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 2008ರಲ್ಲಿ ಕಿಸೆಲೆವ್, ವಿನ್ನಿಕ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಧಾರವಾಡದ ಹತ್ತು ಕಂಪನ ಕೇಂದ್ರಗಳ ದಾಖಲೆಗಳನ್ನು ಒಟ್ಟಿಗೆ ಪರಿಶೀಲಿಸಿ, ಇಲ್ಲಿ ಅಂಥ ವೇಗದ ಬುಡವೇ ಇಲ್ಲ, ತೊಗಟೆಯ ತಳದಿಂದ ಸುಮಾರು 250 ಕಿಲೋಮೀಟರ್‌ವರೆಗೆ ವೇಗ 4.5ರ ಹತ್ತಿರವೇ ಇದೆ ಎಂದರು. ಅದಕ್ಕೂ ಮೊದಲು, 2007ರಲ್ಲಿ, ಪ್ರಕಾಶ್ ಕುಮಾರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಮಾತು ಹೇಳಿದ್ದರು: ಹಿಂದೆ ಒಂದಾಗಿದ್ದ ಗೊಂಡ್ವಾನ ಮಹಾಖಂಡದ ಬೇರೆ ತುಣುಕುಗಳ ಶಿಲಾಗೋಳ 180ರಿಂದ 300 ಕಿಲೋಮೀಟರ್ ದಪ್ಪವಿದ್ದರೆ ಭಾರತದ್ದು ಕೇವಲ ನೂರರ ಆಸುಪಾಸು, ಕೆಳಗಿನ ಭಾಗ ಕರಗಿ ಕಳಚಿಹೋದದ್ದರಿಂದಲೇ ನಮ್ಮ ಭೂಖಂಡ ಏಷ್ಯಾದ ಕಡೆಗೆ ಅಷ್ಟು ವೇಗದಲ್ಲಿ ಓಡಿಬಂತು. ಸೊಗಸಾದ ಕಥೆ. ಸೊಗಸಾಗಿದೆ ಎಂಬ ಕಾರಣಕ್ಕೇ ಅದನ್ನು ಎರಡು ಸಲ ತೂಗಿ ನೋಡಬೇಕು.

ತೂಗೋಣ. 100 ಕಿಲೋಮೀಟರಿನಲ್ಲೇ ಶಿಲಾಗೋಳ ಮುಗಿದು 1,300 ಡಿಗ್ರಿಯ ಮ್ಯಾಂಟಲ್ ಶುರುವಾಗುತ್ತದೆ ಎಂದಿಟ್ಟುಕೊಂಡರೆ, ತೊಗಟೆಯ ತಳದಿಂದ ಅಲ್ಲಿಗೆ 65 ಕಿಲೋಮೀಟರಿನಲ್ಲಿ ಸುಮಾರು 900 ಡಿಗ್ರಿಯ ಏರಿಕೆ. ಅಂಥ ಇಳಿಜಾರಿನಲ್ಲಿ ಮ್ಯಾಂಟಲ್ ಕಲ್ಲಿನ ಮೂಲಕ ಹರಿಯುವ ಶಾಖ ಚದರ ಮೀಟರಿಗೆ ಸುಮಾರು 48 ಮಿಲಿವಾಟ್ ಆಗುತ್ತದೆ. ಕೋಲಾರ ಮುಂತಾದೆಡೆ ನೆಲದ ಮೇಲೆ ಅಳೆದ ಒಟ್ಟು ಶಾಖವೇ 36. ಭಾಗ ಇಡಿಗಿಂತ ದೊಡ್ಡದಾಗಲಾರದು. ಇದಕ್ಕೆ ತೆಳು ಶಿಲಾಗೋಳದ ಪಕ್ಷದವರ ಉತ್ತರ ಸಿದ್ಧವಾಗಿದೆ: ಕಲ್ಲು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ; ಬುಡ ಈಚೆಗೆ ಕಳಚಿದ್ದರೆ ಅದರ ಬಿಸಿ ಇನ್ನೂ ಮೇಲಕ್ಕೆ ಬಂದಿಲ್ಲ. ಈ ಆಕ್ಷೇಪಣೆ ನಿಜಕ್ಕೂ ಬಲವಾದದ್ದು. ಧಾರವಾಡದ ಪಕ್ಕದಲ್ಲೇ ಎರಡು ದೊಡ್ಡ ಬಿಸಿ ಘಟನೆಗಳಾಗಿವೆ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದಾಗ ಹುಟ್ಟಿದವು. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಗಳ ಕರಿಕಲ್ಲಿನ ಪದರಗಳು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಡೆಕ್ಕನ್ ಲಾವಾ. ಬುಡಕ್ಕೆ ಪೆಟ್ಟು ಬಿದ್ದಿದ್ದರೆ ಆಗ ಬಿದ್ದಿರಬೇಕು.

ಹಾಗಾದರೆ ಆ ಶಾಖ ಇಷ್ಟರಲ್ಲಿ ಎಷ್ಟು ಮೇಲೆ ಬಂದಿರಬೇಕು? ಇದಕ್ಕೆ ಉಷ್ಣವಹನದ ಹಳೆಯ ಸೂತ್ರವೇ ಸಾಕು. 6.6 ಕೋಟಿ ವರ್ಷಗಳ ಹಿಂದೆ ಬುಡ 100 ಕಿಲೋಮೀಟರಿಗೆ ತೆಳ್ಳಗಾಗಿದ್ದರೆ, ಹೆಚ್ಚುವರಿ ಶಾಖದ ಮುಕ್ಕಾಲು ಪಾಲು ಇಂದಿಗೆ ನೆಲಕ್ಕೆ ಬಂದಿರಬೇಕು. ಅಂದರೆ ಕೋಲಾರದ ಅಳತೆಗೆ ಇಪ್ಪತ್ತು ಮಿಲಿವಾಟಿಗೂ ಹೆಚ್ಚು ಸೇರಿರಬೇಕು. ಸೇರಿಲ್ಲ. ಆದರೆ ಬುಡ 150 ಕಿಲೋಮೀಟರಿಗೆ ಮಾತ್ರ ಸವೆದಿದ್ದರೆ ಲೆಕ್ಕವೇ ಬೇರೆ. ದಪ್ಪ ಒಂದೂವರೆ ಪಟ್ಟಾದರೆ ಕಾಯುವ ಕಾಲ ಎರಡೂಕಾಲು ಪಟ್ಟು; ಇಂದಿಗೆ ಕಾಲುಪಾಲು ಶಾಖವಷ್ಟೇ ಮೇಲೆ ಮುಟ್ಟಿರುತ್ತದೆ, ಮೂರು ನಾಲ್ಕು ಮಿಲಿವಾಟ್. ತೊಗಟೆಯ ವಿಕಿರಣ ಶಾಖದ ಅಂದಾಜಿನಲ್ಲೇ ಅಷ್ಟು ಹೆಚ್ಚುಕಡಿಮೆ ಇರುವುದರಿಂದ ಅದು ಕಾಣದೆ ಅಡಗಿಬಿಡುತ್ತದೆ. ಹೀಗೆ ಶಾಖದ ಸಾಕ್ಷ್ಯ ನೂರು ಕಿಲೋಮೀಟರಿನ ಕಥೆಯನ್ನು ತಳ್ಳಿಹಾಕುತ್ತದೆ, 150ರ ಕಥೆಯ ಮುಂದೆ ಮೌನವಾಗುತ್ತದೆ. ಎರಡೂ ಪಕ್ಷದವರು ಈ ಎರಡನ್ನೂ ಒಂದೇ ಮಾತಾಗಿ ಚರ್ಚಿಸುವುದು ನನಗೆ ಸರಿಕಾಣದು. ‘ತೆಳ್ಳಗಿದೆ’, ‘ದಪ್ಪಗಿದೆ’ ಎಂಬ ಮಾತಿಗಿಂತ ಎಷ್ಟು ಆಳದಲ್ಲಿ, ಎಂದಿನಿಂದ ಎಂಬುದು ಮುಖ್ಯ.

ಆದರೂ ಎಸ್ ಅಲೆ ಏಕೆ ನಿಧಾನವಾಗಿದೆ ಎಂಬುದು ಹಾಗೇ ಉಳಿಯಿತು. ಶಾಖದಿಂದಲ್ಲವಾದರೆ ನೀರಿನಿಂದ ಇರಬಹುದೇ? ಇಲ್ಲಿ ನೀರು ಎಂದರೆ ಒರತೆಯೂ ಅಲ್ಲ, ಸರೋವರವೂ ಅಲ್ಲ. ಮೇಲಿನ ಮ್ಯಾಂಟಲಿನ ಮುಖ್ಯ ಖನಿಜ ಆಲಿವೀನಿನ ಸೂತ್ರದಲ್ಲಿ ಜಲಜನಕವೇ ಇಲ್ಲ. ಆದರೂ ಹರಳಿನ ದೋಷಗಳಲ್ಲಿ, ಮೆಗ್ನೀಸಿಯಮೋ ಸಿಲಿಕಾನೋ ಇರಬೇಕಾದ ಜಾಗ ಖಾಲಿಯಾದಾಗ, ಜಲಜನಕದ ಪರಮಾಣುಗಳು ಸೇರಿಕೊಳ್ಳುತ್ತವೆ. ಅವಕೆಂಪು ಬೆಳಕನ್ನು ಹರಳಿನ ಮೂಲಕ ಹಾಯಿಸಿ, ಆಮ್ಲಜನಕ-ಜಲಜನಕ ಬಂಧ ಹೀರಿಕೊಳ್ಳುವ ಭಾಗವನ್ನು ಅಳೆದರೆ ಪ್ರಮಾಣ ತಿಳಿಯುತ್ತದೆ. ಸಾಗರದ ನಡುವಿನ ಲಾವಾ ಹುಟ್ಟುವ ಮ್ಯಾಂಟಲಿನಲ್ಲಿ ಇದು ಹತ್ತು ಲಕ್ಷ ಪಾಲಿಗೆ 50ರಿಂದ 200, ಅಂದರೆ ಒಂದು ಟನ್ ಕಲ್ಲಿಗೆ 50ರಿಂದ 200 ಗ್ರಾಂ. ನೂರು ಗ್ರಾಂ ಎಂದಿಟ್ಟು 410 ಕಿಲೋಮೀಟರ್ ಆಳದವರೆಗೆ ಗುಣಿಸಿದರೆ ಭೂಮಿಯ ಸಮುದ್ರಗಳೆಲ್ಲದರ ಶೇಕಡಾ ನಾಲ್ಕರಷ್ಟು ನೀರು ಸಿಗುತ್ತದೆ. ಅದಕ್ಕೂ ಕೆಳಗೆ, 410ರಿಂದ 660 ಕಿಲೋಮೀಟರಿನ ನಡುವೆ, ಖನಿಜಗಳು ತೂಕದ ಶೇಕಡಾ ಒಂದಕ್ಕೂ ಹೆಚ್ಚು ನೀರು ಹಿಡಿಯಬಲ್ಲವು. 2014ರಲ್ಲಿ ಬ್ರೆಜಿಲಿನ ಜುಯಿನಾದ ಒಂದು ವಜ್ರದೊಳಗೆ ಸಿಕ್ಕಿಬಿದ್ದ ರಿಂಗ್‌ವುಡೈಟ್ ಕಣ ಅದನ್ನು ತೋರಿಸಿತು. ಪತ್ರಿಕೆಗಳು ‘ಭೂಗರ್ಭದಲ್ಲಿ ಮಹಾಸಾಗರ’ ಎಂದು ಬರೆದವು. ಒಂದು ಕಣದಿಂದ ಒಂದು ಸಾಗರಕ್ಕೆ ಹಾರುವ ಧೈರ್ಯ ಪತ್ರಿಕೆಗಳದ್ದೇ ಸರಿ.

ಇಷ್ಟು ಅಲ್ಪ ನೀರಿಗೆ ಏಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆಂದರೆ, ಹರಳಿನೊಳಗಿನ ಜಲಜನಕ ಬಿಸಿ ಕಲ್ಲನ್ನು ಮೆತ್ತಗಾಗಿಸುತ್ತದೆ. ಒಣ ಕಲ್ಲಿನ ಬುಡ ಕೋಟ್ಯಂತರ ವರ್ಷ ಗಟ್ಟಿಯಾಗಿ ನಿಲ್ಲುತ್ತದೆ. ನೀರು ಸೇರಿದರೆ ಕೆಳಗಿನ ಹರಿವು ಅದನ್ನು ಕೆರೆದುಕೊಂಡು ಹೋಗುತ್ತದೆ. ದಕ್ಷಿಣ ಆಫ್ರಿಕದ ಕಾಪ್‌ವಾಲ್ ಕ್ರೇಟಾನಿನ ಕಲ್ಲುಗಳನ್ನು ಅಳೆದ ಆನ್ ಪೆಸ್ಲಿಯೆ ಮತ್ತು ಸಂಗಡಿಗರು 2010ರಲ್ಲಿ, ಅದರ ಅತಿ ಆಳದ ಆಲಿವೀನ್ ಬಹುತೇಕ ಒಣಗಿದೆ, ಕ್ರೇಟಾನ್ ಇಷ್ಟು ಕಾಲ ಬಾಳಿದ್ದು ಆ ಒಣತನದಿಂದ ಎಂದು ವಾದಿಸಿದರು. ಅಂಥ ಪರೀಕ್ಷೆ ಧಾರವಾಡದಲ್ಲಿ ಕಷ್ಟ. ಇಲ್ಲಿನ ಹಳೆಯ ಕಿಂಬರ್ಲೈಟುಗಳ ತುಂಡುಗಳಲ್ಲಿ ಆಲಿವೀನ್ ಬಹುಪಾಲು ಸರ್ಪೆಂಟೀನ್ ಆಗಿ ಬದಲಾಗಿದೆ. ಉಳಿದದ್ದು ಗಾರ್ನೆಟ್ ಮತ್ತು ಪೈರಾಕ್ಸೀನ್. ಸಾಲದ್ದಕ್ಕೆ, ಮೇಲೇರುವ ದಾರಿಯಲ್ಲೇ ಹರಳಿನಿಂದ ಜಲಜನಕ ಸೋರಿಹೋಗಿರಬಹುದು, ಕಿಂಬರ್ಲೈಟಿನಿಂದ ಸೇರಿರಲೂಬಹುದು.

ಕಲ್ಲು ಕೈಗೆ ಸಿಗದಿದ್ದಾಗ ಮ್ಯಾಂಟಲಿನ ವಿದ್ಯುದ್ವಾಹಕತೆಯನ್ನು ಹಿಡಿಯುತ್ತಾರೆ. ಸೂರ್ಯನಿಂದ ಬರುವ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕಂಪಿಸುತ್ತದೆ, ಆ ಕಂಪನ ನೆಲದೊಳಗೆ ವಿದ್ಯುತ್ತನ್ನು ಹುಟ್ಟಿಸುತ್ತದೆ. ಎರಡನ್ನೂ ಮೇಲೆ ಅಳೆದು ಒಳಗಿನ ವಾಹಕತೆಯನ್ನು ಲೆಕ್ಕ ಹಾಕುವ ವಿಧಾನಕ್ಕೆ ಮ್ಯಾಗ್ನೆಟೊಟೆಲ್ಯೂರಿಕ್ ಎಂದು ಹೆಸರು. (ಬನಶಂಕರಿಯಲ್ಲೋ ಜಯನಗರದಲ್ಲೋ ಈ ಉಪಕರಣ ಹೂಳಿ ಪ್ರಯೋಜನವಿಲ್ಲ. ನಮ್ಮ ಮೆಟ್ರೊ ಓಡುವುದು 750 ವೋಲ್ಟಿನ ನೇರ ವಿದ್ಯುತ್ತಿನಿಂದ. ನೆಲಕ್ಕೆ ಸೋರುವ ಅದರ ಪ್ರವಾಹದ ಮುಂದೆ ಸೂರ್ಯನ ಸದ್ದು ಕೇಳಿಸದು.) ಶುನ್-ಇಚಿರೊ ಕರಾಟೊ 1990ರಲ್ಲೇ ಜಲಜನಕ ಆಲಿವೀನನ್ನು ಹೆಚ್ಚು ವಾಹಕವನ್ನಾಗಿಸುತ್ತದೆಂದು ಸೂಚಿಸಿದ್ದರು. 2006ರ ಅಕ್ಟೋಬರಿನ ‘ನೇಚರ್’ ಸಂಚಿಕೆಯಲ್ಲಿ ಎರಡು ಪ್ರಯೋಗಾಲಯಗಳ ಲೇಖನಗಳು ಒಂದರ ಹಿಂದೆ ಒಂದು ಅಚ್ಚಾದವು. ಕರಾಟೊ ಗುಂಪು, ಅತ್ಯಲ್ಪ ನೀರಿನಿಂದಲೇ ಮ್ಯಾಂಟಲಿನ ವಾಹಕತೆಯನ್ನು ವಿವರಿಸಬಹುದು ಎಂದಿತು; ಜಪಾನಿನ ಯೊಶಿನೊ ಗುಂಪು, ನೀರಿನಿಂದ ಆಗದು, ಬೇರೆ ಕಾರಣ ಹುಡುಕಿ ಎಂದಿತು. ಖನಿಜ ಅದೇ, ಪ್ರಶ್ನೆ ಅದೇ, ಉತ್ತರ ವಿರುದ್ಧ. ಹೆಚ್ಚು ಬಿಸಿ ಮಾಡಿದರೆ ಜಲಜನಕ ಹರಳಿನಿಂದ ಓಡಿಹೋಗುವುದರಿಂದ ಇಬ್ಬರೂ ಅಳೆದದ್ದು ಮ್ಯಾಂಟಲಿಗಿಂತ ಕಡಿಮೆ ಬಿಸಿಯಲ್ಲಿ. ಅಲ್ಲಿಂದ ಮೇಲಕ್ಕೆ ಗೆರೆ ಎಳೆಯುವಾಗ ದಾರಿ ಕವಲೊಡೆಯಿತು. ಧಾರವಾಡದಲ್ಲಿ ಈ ಕವಲು ಅಷ್ಟು ಕಾಡುವುದಿಲ್ಲ ಎಂದು ನನ್ನ ಅಭಿಪ್ರಾಯ. 600 ಡಿಗ್ರಿಯ ಕಲ್ಲಿನಲ್ಲಿ ನೀರಿದ್ದರೂ ವಾಹಕತೆ ಕಡಿಮೆಯೇ. ಆದ್ದರಿಂದ ಇಲ್ಲಿನ ಶಿಲಾಗೋಳದಲ್ಲಿ ನಡುನಡುವೆ ಕಂಡಿರುವ ವಾಹಕ ಪಟ್ಟಿಗಳಿಗೆ ಆಲಿವೀನಿನ ಜಲಜನಕವನ್ನು ಹೊಣೆ ಮಾಡುವ ಮೊದಲು ಗ್ರಾಫೈಟನ್ನೂ ಗಂಧಕದ ಖನಿಜಗಳನ್ನೂ ನೋಡಬೇಕು.

ಎಸ್ ಅಲೆಗೆ ಮರಳಿದರೆ, ಹರಳಿನ ದೋಷದಲ್ಲಿ ಅಡಗಿದ ಜಲಜನಕ 600, 700 ಡಿಗ್ರಿಯಲ್ಲಿ ಅಲೆಯನ್ನು ತಡೆಯಲಾರದು. ಹೆಚ್ಚಿನ ಬಿಸಿಯಲ್ಲೂ ಅದರ ಪ್ರಭಾವ ಅಲ್ಪವೆಂದು 2018ರಲ್ಲಿ ಪ್ರಕಟವಾದ ಪ್ರಯೋಗಗಳು ಸೂಚಿಸುತ್ತವೆ. ಆದರೆ ನೀರು ಬೇರೆ ರೂಪದಲ್ಲಿ ಇರಬಹುದು. ಕಿಂಬರ್ಲೈಟ್ ಹುಟ್ಟಲು ನೀರೂ ಇಂಗಾಲದ ಡೈಆಕ್ಸೈಡೂ ಬೇಕು. ಅಂಥ ದ್ರವಗಳು ಕ್ರೇಟಾನಿನ ಬುಡದಲ್ಲಿ ಹಲವು ಸಲ ಹರಿದಾಡಿ, ಫ್ಲಾಗೋಪೈಟ್ ಎಂಬ ಅಭ್ರಕವನ್ನೂ ನೂರು ಕಿಲೋಮೀಟರಿನ ಒಳಗೆ ಆಂಫಿಬೋಲನ್ನೂ ಅಲ್ಲಲ್ಲಿ ಬೆಳೆಸಿರುತ್ತವೆ. ಇವು ಅಲೆಯನ್ನು ನಿಧಾನಗೊಳಿಸುವ ಖನಿಜಗಳು, ಬಿಸಿ ಬೇಕಿಲ್ಲ. ನೂರು ಕಿಲೋಮೀಟರಿನ ಸುತ್ತ 2007ರ ಗುಂಪಿಗೆ ಕಂಡ ಗಡಿ ಶಿಲಾಗೋಳದ ತಳವಾಗಿರದೆ ಅದರ ಹೊಟ್ಟೆಯಲ್ಲೇ ಇರುವ ಇಂಥ ಪದರವಾಗಿರಬಹುದು. ಬೇರೆ ಖಂಡಗಳ ದಪ್ಪ ಕ್ರೇಟಾನುಗಳ ನಡುವೆಯೂ ಅದೇ ಆಳದಲ್ಲಿ ಅಂಥ ಗಡಿಗಳು ಕಂಡಿವೆ. ಆದರೂ 250 ಕಿಲೋಮೀಟರ್ ಉದ್ದಕ್ಕೂ ಅಲೆಯ ವೇಗವನ್ನು ಶೇಕಡಾ ನಾಲ್ಕರಷ್ಟು ಇಳಿಸಲು ಈ ಖನಿಜಗಳೇ ಸಾಕು ಎಂದು ನಾನು ಹೇಳಲಾರೆ. ಅಷ್ಟು ಅಭ್ರಕ ಬುಡದಲ್ಲಿ ತುಂಬಿದ್ದರೆ ಅದರ ಪೊಟ್ಯಾಸಿಯಂ ಶಾಖವನ್ನೂ ಹುಟ್ಟಿಸುತ್ತಿತ್ತು, ಮೇಲಿನ 36 ಮಿಲಿವಾಟಿನಲ್ಲಿ ಅದಕ್ಕೆ ಹೆಚ್ಚು ಜಾಗವಿಲ್ಲ. ಮೇಲಿನ ನೂರು ಕಿಲೋಮೀಟರಿನಲ್ಲಿ ಖನಿಜದ ಬದಲಾವಣೆ, 150ರ ಕೆಳಗೆ ಈಚಿನ ಬಿಸಿ ಎಂದು ಎರಡು ಕಾರಣಗಳನ್ನು ಆಳದಲ್ಲಿ ಹಂಚುವುದೇ ಸದ್ಯದ ಸಾಕ್ಷ್ಯಕ್ಕೆ ಹೆಚ್ಚು ಒಗ್ಗುತ್ತದೆ.

ಇದನ್ನು ಪರೀಕ್ಷಿಸುವ ದಾರಿಯೂ ಇದೆ. ಖನಿಜದಿಂದ ನಿಧಾನವಾದ ಅಲೆಯ ಕಸುವು ಕುಗ್ಗುವುದಿಲ್ಲ, ಬಿಸಿಯಿಂದ ನಿಧಾನವಾದದ್ದು ಚುರುಕಿನ ಕಂಪನಗಳನ್ನು ದಾರಿಯಲ್ಲೇ ಕಳೆದುಕೊಳ್ಳುತ್ತದೆ. ಹಿಮಾಲಯದ ಭೂಕಂಪಗಳಿಂದ ಹೊರಟು ತೊಗಟೆಯ ತಳಕ್ಕೆ ಅಂಟಿಕೊಂಡಂತೆ ಸಾಗುವ ಎಸ್ ಅಲೆಗಳು ದಕ್ಷಿಣ ಭಾರತದ ಕೇಂದ್ರಗಳಿಗೆ ಚುರುಕು ಉಳಿಸಿಕೊಂಡೇ ಬರುತ್ತವೆ ಎಂಬುದು 1970ರ ದಶಕದಿಂದ ಗೊತ್ತಿದೆ. ಮೇಲಿನ ಭಾಗ ತಣ್ಣಗಿದೆ ಎಂಬುದಕ್ಕೆ ಇದು ಶಾಖದ ಅಳತೆಯನ್ನು ಅವಲಂಬಿಸದ, ಈ ಹೊತ್ತಿನದೇ ಆದ ಸಾಕ್ಷ್ಯ. ಆದರೆ ಆ ಅಲೆಗಳು ಆಳಕ್ಕೆ ಇಳಿಯುವುದಿಲ್ಲ. 150ರಿಂದ 250 ಕಿಲೋಮೀಟರಿನ ನಡುವಿನ ಕ್ಷೀಣತೆಯನ್ನು ತಿಳಿಯಲು ದೂರದ ಭೂಕಂಪಗಳಿಂದ ಕೆಳಗಿನಿಂದ ಮೇಲಕ್ಕೆ ಬರುವ ಅಲೆಗಳು ಬೇಕು, ಅವನ್ನು ಹತ್ತಿರ ಹತ್ತಿರದ ಹಲವು ಕೇಂದ್ರಗಳಲ್ಲಿ ಒಟ್ಟಿಗೆ ದಾಖಲಿಸಬೇಕು. ಬೇರೆ ದೇಶಗಳ ಅಣ್ವಸ್ತ್ರ ಪರೀಕ್ಷೆಗಳನ್ನು ಪತ್ತೆಹಚ್ಚಲೆಂದು 1965ರಲ್ಲಿ ಗೌರಿಬಿದನೂರಿನಲ್ಲಿ ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳು ಚಾಚಿ ನೆಟ್ಟ ಕಂಪನಮಾಪಕಗಳ ಸಾಲು ಅಂಥ ದಾಖಲೆಗೆ ಹೊಂದುವ ರಚನೆ. ಅದು ನಿಂತಿರುವುದು ಪೂರ್ವ ಧಾರವಾಡದ ಇದೇ ನೈಸ್ ಕಲ್ಲಿನ ಮೇಲೆ, ದಕ್ಷಿಣ ಬೆಂಗಳೂರಿನಿಂದ ನೂರು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ.